ಚಾರ್ಟರ್ ಶಾಲೆ ಸರ್ಕಾರಿಯೋ, ಖಾಸಗಿಯೋ?

ಪ್ರಶ್ನೆ: ನಾವು ಅಮೆರಿಕದ ಅರಿಜೋನಾಕ್ಕೆ ಬಂದು ಆರು ತಿಂಗಳಾಯಿತು. ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕು. ಹತ್ತಿರದಲ್ಲೊಂದು ಚಾರ್ಟರ್ ಶಾಲೆ ಇದೆ. ಫೀಸ್ ಇಲ್ಲವಂತೆ, ಆದರೆ ಸರ್ಕಾರ ನಡೆಸುವುದೂ ಅಲ್ಲವಂತೆ. ನಂಬಬಹುದಾ?
– ಒಬ್ಬ ತಾಯಿ, ಫೀನಿಕ್ಸ್

ಉತ್ತರ: ಚಾರ್ಟರ್ ಶಾಲೆಯೂ ಸಾರ್ವಜನಿಕ ಶಾಲೆಯೇ. ದುಡ್ಡು ಸರ್ಕಾರದ್ದು, ಆಡಳಿತ ಬೇರೆಯವರದ್ದು. ನಮ್ಮೂರಿನ ಅನುದಾನಿತ ಶಾಲೆ ನೆನಪಿಸಿಕೊಂಡರೆ ಅರ್ಧ ಅರ್ಥವಾಗುತ್ತದೆ. ಇನ್ನರ್ಧ ಇರುವುದು ‘ಚಾರ್ಟರ್’ ಎಂಬ ಕರಾರಿನಲ್ಲಿ. ಮಕ್ಕಳಿಗೆ ಏನು ಕಲಿಸುತ್ತೇವೆ, ಹೇಗೆ ನಡೆಸುತ್ತೇವೆ ಎಂದು ಬರೆದುಕೊಟ್ಟವರಿಗೆ ಶಿಕ್ಷಕರ ನೇಮಕ, ಕಲಿಸುವ ರೀತಿ, ವೇಳಾಪಟ್ಟಿಯಲ್ಲಿ ಜಾಸ್ತಿ ಸ್ವಾತಂತ್ರ್ಯ. ಮಾತು ತಪ್ಪಿದರೆ ಕರಾರು ರದ್ದು, ಶಾಲೆಗೆ ಬೀಗ.

ಈ ಯೋಚನೆಯನ್ನು 1988ರಲ್ಲಿ ಜನರ ಮುಂದಿಟ್ಟವರಲ್ಲಿ ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್ ಮುಖ್ಯರು. ಶಿಕ್ಷಕರೇ ಹೊಸ ಪ್ರಯೋಗ ಮಾಡಲಿ ಎಂಬುದು ಅವರ ಆಸೆ. ಮಿನ್ನೆಸೋಟ ರಾಜ್ಯ 1991ರಲ್ಲಿ ಮೊದಲ ಕಾನೂನು ಮಾಡಿತು. ಅರಿಜೋನಾಕ್ಕೆ ಬಂದದ್ದು 1994ರಲ್ಲಿ. ಖಾಸಗಿ ಕಂಪನಿಗಳೂ ಇದರೊಳಗೆ ಬಂದದ್ದು ಕಂಡು ಶಾಂಕರ್ ಆಮೇಲೆ ಕಟುವಾಗಿ ಟೀಕಿಸಿದರು.

ಚಾರ್ಟರ್ ಶಾಲೆಗಳ ಬಗ್ಗೆ ಇರುವ ಜಗಳ ದುಡ್ಡಿನದು. ಮಗು ಶಾಲೆ ಬದಲಿಸಿದರೆ ಅದರ ಹೆಸರಿನ ಅನುದಾನವೂ ಜೊತೆಗೇ ಹೋಗುತ್ತದೆ. ಸ್ಥಳೀಯ ಸರ್ಕಾರಿ ಶಾಲೆಯ ಒಂದು ತರಗತಿಯಿಂದ ಮೂರು ಮಕ್ಕಳು ಚಾರ್ಟರ್ ಶಾಲೆಗೆ ಹೋದರು ಅಂದುಕೊಳ್ಳಿ. ಶಿಕ್ಷಕಿಯ ಸಂಬಳ, ಬಸ್ಸು, ಕಟ್ಟಡದ ಖರ್ಚು ಅಷ್ಟೇ ಇರುತ್ತದೆ ಅಲ್ವಾ? ಉಳಿದ ಮಕ್ಕಳ ಪಾಲಿಗೆ ಅಷ್ಟು ಕಡಿಮೆ. ಈ ದೂರು ನ್ಯಾಯವಾದದ್ದು ಎಂದೇ ನನಗನ್ನಿಸುತ್ತದೆ. ಆದರೆ ಹತ್ತಿರದ ಶಾಲೆ ಸರಿಯಿಲ್ಲದಿದ್ದಾಗ, ಖಾಸಗಿ ಶಾಲೆಗೆ ಕಟ್ಟಲಾಗದ ಮನೆಯವರಿಗೆ ಇನ್ನೊಂದು ಬಾಗಿಲು ಬೇಕೇ ಬೇಕು.

ಕಲಿಕೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2009ರ ಅಧ್ಯಯನದಲ್ಲಿ ಗಣಿತದಲ್ಲಿ ಸ್ಥಳೀಯ ಶಾಲೆಗಿಂತ ಮೇಲಿದ್ದ ಚಾರ್ಟರ್ ಶಾಲೆಗಳು ಶೇ 17, ಹಿಂದಿದ್ದವು ಶೇ 37. ಅವರದೇ 2023ರ ವರದಿಯಲ್ಲಿ ಸರಾಸರಿ ಸ್ವಲ್ಪ ಮುಂದಿವೆ. ಪೂರ್ತಿ ಆನ್‌ಲೈನ್ ಶಾಲೆಗಳು ಮಾತ್ರ ತುಂಬಾ ಹಿಂದೆ. ಅಂಥದ್ದಕ್ಕೆ ಸೇರಿಸಬೇಡಿ.

ಹಾಗಾಗಿ ಹೆಸರು ನೋಡಬೇಡಿ, ಆ ಒಂದು ಶಾಲೆಯನ್ನೇ ನೋಡಿ. ಕರಾರು ಎಂದಿನವರೆಗಿದೆ? ವರ್ಷದ ನಡುವೆ ಎಷ್ಟು ಶಿಕ್ಷಕರು, ಎಷ್ಟು ಮಕ್ಕಳು ಬಿಟ್ಟುಹೋಗುತ್ತಾರೆ? ಬಸ್ಸಿದೆಯಾ? ಅನೇಕ ಕಡೆ ಇರುವುದಿಲ್ಲ, ದಿನಾ ನೀವೇ ಬಿಟ್ಟು ಕರೆತರಬೇಕು. ಒಂದನೇ ತರಗತಿಗೆ ಪರೀಕ್ಷೆ ಮಾಡಿ ಆರಿಸುವಂತಿಲ್ಲ. ಅರ್ಜಿ ಜಾಸ್ತಿ ಬಂದರೆ ಚೀಟಿ ಎತ್ತುತ್ತಾರೆ, ಅದಕ್ಕೇ ಗಡುವಿನೊಳಗೆ ಅರ್ಜಿ ಹಾಕಿ. ಸೀಟು ಸಿಗದಿದ್ದರೆ ಗಾಬರಿ ಬೇಡ. ನಿಮ್ಮ ವಿಳಾಸಕ್ಕೆ ಸೇರಿದ ಡಿಸ್ಟ್ರಿಕ್ಟ್ ಶಾಲೆ, ಅಂದರೆ ಸ್ಥಳೀಯ ಸರ್ಕಾರಿ ಶಾಲೆ, ಮಗಳನ್ನು ಸೇರಿಸಿಕೊಳ್ಳಲೇಬೇಕು. ಅದನ್ನೂ ಈಗಲೇ ಒಮ್ಮೆ ಹೋಗಿ ನೋಡಿಬನ್ನಿ.