ಕಂಪನಿ ಉಳಿಯುತ್ತಾ ಮೇಡಂ?

ಕಾರು ಮಾರಾಟ ಬಿದ್ದ 2019ರಲ್ಲಿ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಒಬ್ಬ ಕಾರ್ಖಾನೆ ಕೆಲಸಗಾರರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಹೆಸರು ಬೇಡ, ಡೈ ಸೆಟ್ಟರ್ ಅಂತಲೇ ಕರೆಯೋಣ, ಅವರ ಕೆಲಸವೂ ಅದೇ. ಪ್ರೆಸ್ ಶಾಪಿನಲ್ಲಿ, ಅಂದರೆ ಲೋಹದ ತಗಡು ಒತ್ತಿ ಬಿಡಿಭಾಗ ಮಾಡುವ ಕಡೆ, ಅಚ್ಚು ಕೂರಿಸುವವರು. ಅಚ್ಚು ಸ್ವಲ್ಪ ಆಚೀಚೆ ಆದರೂ ಒತ್ತಿದ ಮಾಲೆಲ್ಲ ರಿಜೆಕ್ಟ್.

ಕೋಲಾರದಿಂದ ಬೆಂಗಳೂರು ಕಡೆ ಹೋಗುವಾಗ ನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತಲ್ಲ, ಆ ಭಾಗದ ಒಂದು ಸಣ್ಣ ಕಾರ್ಖಾನೆ ಅವರದು. ಇವರು ಮಾಡುವ ಮಾಲು ನೇರ ಕಾರು ಕಂಪನಿಗೆ ಹೋಗಲ್ಲ. ಸೀಟು ಮಾಡುವ ದೊಡ್ಡ ವೆಂಡರ್‌ಗೆ ಹೋಗುತ್ತದೆ, ಅಲ್ಲಿಂದ ಕಾರು ಕಂಪನಿಗೆ. ಅಂದರೆ ಸಾಲಿನಲ್ಲಿ ಮೂರನೆಯವರು. ಇದು ಮುಂದೆ ಮುಖ್ಯ ಆಗುತ್ತದೆ, ನೆನಪಿರಲಿ.

ಮೊದಲ ಸಲ ಬಂದಾಗ ಹೇಳಿದ್ದು ನಿದ್ದೆ ಇಲ್ಲ, ಎದೆ ಹಿಡಿದ ಹಾಗಾಗುತ್ತದೆ, ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ ಅಂತ. ಎದೆ ಅಂದ ಕೂಡಲೇ ನಾನು ಮಾತು ಮುಂದುವರಿಸಲ್ಲ, ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ಇಸಿಜಿ ನಾರ್ಮಲ್ ಬಂತು. ಎರಡನೇ ಸಲ ಬಂದವರು ಕೂತ ತಕ್ಷಣ ಫೋನ್ ತೆಗೆದು ತೋರಿಸಿದರು. ಗ್ಯಾಲರಿ ತುಂಬ ಸ್ಕ್ರೀನ್‌ಶಾಟುಗಳು. ಯಾವ ಕಂಪನಿ ಎಷ್ಟು ಕಾರು ಮಾರಿತು, ಯಾವ ಪ್ಲಾಂಟ್ ಎಷ್ಟು ದಿನ ಬಂದ್, ಯಾವ ಊರಿನಲ್ಲಿ ಶೋರೂಂ ಮುಚ್ಚಿತು. ರಾತ್ರಿ ಒಂದು ಗಂಟೆಯವರೆಗೆ ಇದೇ ಓದುತ್ತಿದ್ದರಂತೆ. "ಕಂಪನಿ ಉಳಿಯುತ್ತಾ ಮೇಡಂ? ಅದೊಂದು ಹೇಳಿ ಸಾಕು" ಅಂದರು.

ಭಯ ಸುಳ್ಳಲ್ಲ. 2019ರ ಆಗಸ್ಟ್‌ನಲ್ಲಿ ದೇಶದ ಪ್ರಯಾಣಿಕ ವಾಹನ ಮಾರಾಟ ಹಿಂದಿನ ವರ್ಷದ ಅದೇ ತಿಂಗಳ 2.87 ಲಕ್ಷದಿಂದ 1.96 ಲಕ್ಷಕ್ಕೆ ಇಳಿದಿತ್ತು. ಶೇ 31ಕ್ಕಿಂತ ಜಾಸ್ತಿ ಕುಸಿತ. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಅನ್ನುವ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಕೈಕೊಟ್ಟ ಮೇಲೆ ಫೈನಾನ್ಸ್ ಕಂಪನಿಗಳು ಸಾಲ ಬಿಗಿ ಮಾಡಿದವು. ಅದೇ ಸಮಯಕ್ಕೆ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟುವ ನಿಯಮ ಬಂತು. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನುವ ಹೊಸ ಹೊಗೆ ನಿಯಮ ಬರುತ್ತದೆ ಅಂತ ಒಂದಷ್ಟು ಜನ ಕಾದರು. ಜಿಎಸ್‌ಟಿ ಇಳಿಯಬಹುದು ಅಂತ ಇನ್ನೊಂದಷ್ಟು ಜನ ಕಾದರು. ಹಳೇ ಕಾರು ಇನ್ನೊಂದು ವರ್ಷ ಓಡುತ್ತೆ ಬಿಡು ಅಂದರೆ ಮುಗಿಯಿತು, ಅಲ್ವಾ? ಅಕ್ಕಿ ಬೇಳೆ ಮುಂದೂಡೋಕೆ ಆಗಲ್ಲ, ಕಾರನ್ನು ಆರಾಮಾಗಿ ಮುಂದೂಡಬಹುದು.

ಇಷ್ಟಾದರೂ ನನಗೆ ಅವರ ಮಾತಿನಲ್ಲಿ ಏನೋ ಹೊಂದಲಿಲ್ಲ. ಕೆದಕಿದಾಗ ಎರಡು ವಿಷಯ ಹೊರಗೆ ಬಂತು.

ಒಂದು, ಮೇ ತಿಂಗಳಲ್ಲೇ ಓಟಿ, ಅಂದರೆ ಪಾಳಿ ಮೀರಿ ಮಾಡುವ ಓವರ್‌ಟೈಮ್, ನಿಂತಿತ್ತು. ಅವರ ಕೈಗೆ ಬರುವ ದುಡ್ಡಿನಲ್ಲಿ ಓಟಿಯದೇ ದೊಡ್ಡ ಪಾಲು. ಆದರೆ ಹೆಂಡತಿಗೆ ಹೇಳಿರಲಿಲ್ಲ. ಪ್ರತಿ ತಿಂಗಳು ಅಷ್ಟೇ ದುಡ್ಡು ಮನೆಗೆ ಕೊಡುತ್ತಿದ್ದರು, ಕಮ್ಮಿ ಬಿದ್ದದ್ದನ್ನು ಕೈಸಾಲ ಮಾಡಿ ತುಂಬುತ್ತಿದ್ದರು. ಓಟಿ ಇಲ್ಲದ ಸಂಜೆ ಮನೆಗೆ ಬೇಗ ಹೋದರೆ ಗೊತ್ತಾಗುತ್ತದೆ ಅಂತ ಗೇಟಿನಾಚೆಯ ಟೀ ಅಂಗಡಿಯಲ್ಲೇ ಎಂಟು ಗಂಟೆಯವರೆಗೆ ಕೂತಿರುತ್ತಿದ್ದರು.

ಎರಡು, ಹೆಂಡತಿಯ ಒಡವೆ ಅಡ ಇಟ್ಟು ಒಂದು ಕಾರು ಕಂಪನಿಯ ಶೇರು ಕೊಳ್ಳುವ ಯೋಚನೆ. "ಬಿದ್ದಾಗಲೇ ತಗೋಬೇಕು ಮೇಡಂ. 2009ರಲ್ಲಿ ಟಾಟಾ ಮೋಟರ್ಸ್ ತಗೊಂಡೋರು ಏನಾದ್ರು ನೋಡಿ." ರಾತ್ರಿ ಒಂದು ಗಂಟೆಗೆ ಕಂಪನಿ ಮುಳುಗುತ್ತದೆ ಅಂತ ಬೆವರುವ ಮನುಷ್ಯ, ಬೆಳಗ್ಗೆ ಅದೇ ಧಂದೆಗೆ ಮನೆಯ ಬಂಗಾರ ಹಾಕೋಕೆ ಹೊರಟಿದ್ದಾರೆ. ನಾನು ಬೈಯಲಿಲ್ಲ. ಇಂಥದ್ದು ಜಾಸ್ತಿ ನೋಡಿದ್ದೇನೆ. ಭಯ ತಡೆಯೋಕಾಗದವರು ಒಂದೇ ಏಟಿಗೆ ಎಲ್ಲ ಸರಿ ಮಾಡುವ ದಾರಿ ಹುಡುಕುತ್ತಾರೆ. ಕೆಲವರು ಲಾಟರಿ, ಕೆಲವರು ಆನ್‌ಲೈನ್ ರಮ್ಮಿ, ಇವರು ಶೇರು.

ನಾನು ಶೇರು ಸಲಹೆಗಾರ್ತಿ ಅಲ್ಲ ಅಂತ ಮೊದಲೇ ಹೇಳಿದೆ. ಆಮೇಲೆ ಅವರು ಕೇಳಿದ ಒಂದು ಪ್ರಶ್ನೆಯನ್ನು ಮೂರಾಗಿ ಬಿಡಿಸಿದೆ. ಕಾರು ಕಂಪನಿ ಉಳಿಯುತ್ತಾ? ನಿಮ್ಮ ಕೆಲಸ ಉಳಿಯುತ್ತಾ? ನಿಮ್ಮ ಮನೆ ನಡೆಯುತ್ತಾ? ಮೂರಕ್ಕೂ ಒಂದೇ ಉತ್ತರ ಅಂತ ಅವರು ನಂಬಿಕೊಂಡಿದ್ದರು. ತೊಂದರೆ ಇದ್ದದ್ದೇ ಅಲ್ಲಿ.

2009ರ ಅಮೆರಿಕದ ಕಥೆ ಹೇಳಿದೆ, ಅವರಿಗೆ ಇಂಥ ಸುದ್ದಿ ಅಂದರೆ ಪ್ರಾಣ ತಾನೇ. ಆ ವರ್ಷ ಕ್ರೈಸ್ಲರ್ ಏಪ್ರಿಲ್ 30ಕ್ಕೆ, ಜನರಲ್ ಮೋಟರ್ಸ್ ಜೂನ್ 1ಕ್ಕೆ ದಿವಾಳಿ ಅರ್ಜಿ ಹಾಕಿದವು. ಫೋರ್ಡ್ ಹಾಕಲಿಲ್ಲ. ಫೋರ್ಡ್ ಕಾರು ಅಷ್ಟೊಂದು ಚೆನ್ನಾಗಿತ್ತು ಅಂತಲ್ಲ. 2006ರಲ್ಲೇ, ಸಾಲ ಸುಲಭವಾಗಿ ಸಿಗುತ್ತಿದ್ದಾಗ, ಕಾರ್ಖಾನೆಗಳನ್ನೂ ತನ್ನ ನೀಲಿ ಲಾಂಛನವನ್ನೂ ಅಡ ಇಟ್ಟು ಸುಮಾರು 2,300 ಕೋಟಿ ಡಾಲರ್‌ಗೂ ಹೆಚ್ಚು ದುಡ್ಡು ಎತ್ತಿಟ್ಟುಕೊಂಡಿತ್ತು. ಮಂದಿ ಕಾರು ಕೊಳ್ಳದ ಎರಡು ವರ್ಷ ಆ ನಗದು ಅದನ್ನು ಕಾಪಾಡಿತು. ಕಾರು ಕಾರ್ಖಾನೆಯಲ್ಲಿ ಕಾರು ಹೋದರೂ ಹೋಗದಿದ್ದರೂ ಯಂತ್ರದ ಬಡ್ಡಿ, ಕಟ್ಟಡ, ಸಂಬಳ ನಿಲ್ಲಲ್ಲ. ಅದಕ್ಕೇ ಮಾರಾಟ ಶೇ 30 ಇಳಿದರೆ ಲಾಭ ಶೇ 30 ಇಳಿದು ನಿಲ್ಲುವುದಿಲ್ಲ, ನೇರ ನಷ್ಟಕ್ಕೇ ಹೋಗಬಹುದು. ಟೊಯೊಟಾದಂಥ ಟೊಯೊಟಾ 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ, 1950ರ ನಂತರ ಮೊದಲ ಸಲ, ವಾರ್ಷಿಕ ನಷ್ಟ ತೋರಿಸಿತು.

ಜನರಲ್ ಮೋಟರ್ಸ್ ಏನಾಯಿತು? ಸರ್ಕಾರದ ದುಡ್ಡಿನಿಂದ ಎದ್ದು ನಿಂತಿತು, ಇವತ್ತಿಗೂ ಇದೆ. ಆದರೆ ಹಳೇ ಶೇರುದಾರರ ಕೈಗೆ ಏನೂ ಉಳಿಯಲಿಲ್ಲ. ಎಷ್ಟೋ ಪ್ಲಾಂಟು ಮುಚ್ಚಿದವು, ಸಾವಿರಾರು ಜನ ಮನೆಗೆ ಹೋದರು. "ಕಂಪನಿ ಉಳಿಯಿತು, ಶೇರು ಹೋಯಿತು, ಕೆಲಸ ಹೋಯಿತು. ನಿಮ್ಮ ಪ್ರಶ್ನೆಗೆ ಇದು ಹೌದಾ, ಅಲ್ಲವಾ?" ಅಂದೆ. ಸುಮಾರು ಹೊತ್ತು ಸುಮ್ಮನಿದ್ದರು.

ಮುಂದಿನ ಸಲ ಹೆಂಡತಿಯನ್ನು ಕರೆತನ್ನಿ ಅಂದೆ. ಬಂದರು. ಆಕೆ ಕೆಜಿಎಫ್‌ನಲ್ಲಿ ಬೆಳೆದವರು, ತಂದೆ ಗಣಿ ಕೆಲಸಗಾರರು. ಗಂಡ ಓಟಿ ವಿಷಯ ಬಾಯಿಬಿಟ್ಟಾಗ ನಾನು ಜಗಳ ನಿರೀಕ್ಷಿಸಿದ್ದೆ. ಆಕೆ ಅಂದದ್ದು ಬೇರೆ. "ನಾನು ನೀನು ಕುಡಿಯೋಕೆ ಶುರು ಮಾಡಿದ್ದೀಯ ಅಂದ್ಕೊಂಡಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ನಮ್ಮಪ್ಪನೂ ಹಿಂಗೇ. ಮುಚ್ಚಲ್ಲ ಬಿಡು, ಸರ್ಕಾರದ್ದು ಅಂತಿದ್ರು. ಒಂದಿನ ಮುಚ್ಚೇಬಿಡ್ತು. ನಮಗೆ ಏನೂ ಗೊತ್ತಿರ್ಲಿಲ್ಲ" ಅಂದರು.

2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ್ದು ಕೋಲಾರ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಈ ಕಡೆ ಯಾರಾದರೂ ಕಂಪನಿ ಮುಚ್ಚುತ್ತೆ ಅಂದರೆ ಕಣ್ಣ ಮುಂದೆ ಬರುವುದೇ ಅದು. ಡೈ ಸೆಟ್ಟರ್ ಮಾವನ ಮನೆಯಲ್ಲಿ ಅದನ್ನು ಹತ್ತಿರದಿಂದ ಕಂಡವರು, ಹಾಗಾಗಿ ಮಾರಾಟ ಬಿದ್ದ ಸುದ್ದಿ ಓದಿದರೆ ಅವರ ಮನಸ್ಸು ನೇರ ಬೀಗ ಹಾಕಿದ ಗೇಟಿಗೇ ಹೋಗುತ್ತಿತ್ತು. ನಾನು ಇಬ್ಬರಿಗೂ ಹೇಳಿದೆ: ಗಣಿ ಮುಚ್ಚಿದ್ದು ಚಿನ್ನ ಕೊಳ್ಳುವವರು ಇಲ್ಲದೆ ಅಲ್ಲ. ಅದಿರಿನಲ್ಲಿ ಚಿನ್ನ ಕಮ್ಮಿಯಾಯಿತು, ಅಷ್ಟು ಆಳದಿಂದ ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತು. ಅದು ತಿರುಗಿ ಬರುವಂಥದ್ದಲ್ಲ. ಹಿಂಜರಿತದಲ್ಲಿ ಕಾರು ಕೊಳ್ಳದೇ ಇರುವವರು ಬಹುಪಾಲು ಮುಂದೂಡಿದವರು, ಬೇಡ ಅಂದವರಲ್ಲ. ಒಂದು ದಿನ ಬರುತ್ತಾರೆ. ಯಾವತ್ತು ಅಂತ ಮಾತ್ರ ಯಾರೂ ಹೇಳಲಾರರು. ಅಲ್ಲಿಯವರೆಗೆ ಮನೆ ನಡೆಸುವುದು ಹೇಗೆ ಅನ್ನೋದೇ ನಮ್ಮ ಕೈಲಿರುವ ಪ್ರಶ್ನೆ.

ಅವತ್ತು ಅವರು ಬ್ಯಾಗಿನಿಂದ ಒಂದು ಕಬ್ಬಿಣದ ತುಂಡು ತೆಗೆದು ಮೇಜಿನ ಮೇಲಿಟ್ಟರು. ಅಂಗೈ ಅಗಲ, ಎರಡು ತೂತು, ಒಂದು ಮಡಿಕೆ. ಸೀಟಿನ ಕೆಳಗೆ ಹೋಗುವ ಬ್ರಾಕೆಟ್ಟು. "ಹತ್ತು ಸಾವಿರ ಒತ್ತುತ್ತಿದ್ದ ಕಡೆ ನಾಲ್ಕು ಸಾವಿರ ಒತ್ತುತ್ತಿದ್ದೀವಿ. ಕಾರು ಶೇ 30 ಬಿದ್ದರೆ ನಮಗ್ಯಾಕೆ ಇಷ್ಟು?" ಒಳ್ಳೆಯ ಪ್ರಶ್ನೆ. ಕಾರು ಕಂಪನಿ ಮಾರಾಟ ಬಿದ್ದಷ್ಟೇ ತಯಾರಿಕೆ ಇಳಿಸಲ್ಲ. ಡೀಲರ್ ಅಂಗಳದಲ್ಲಿ ನಿಂತ ಕಾರು ಖಾಲಿಯಾಗಬೇಕು, ಹಾಗಾಗಿ ಇನ್ನೂ ಜಾಸ್ತಿ ಇಳಿಸುತ್ತದೆ. ಸೀಟಿನವರ ಹತ್ತಿರವೂ ಹಳೇ ಸ್ಟಾಕ್ ಇರುತ್ತದೆ, ಅವರು ಅದಕ್ಕಿಂತ ಜಾಸ್ತಿ ಇಳಿಸುತ್ತಾರೆ. ಮೂರನೆಯವರಾದ ನಿಮಗೆ ತಲುಪುವಾಗ ಏಟು ಎರಡರಷ್ಟು. ಮಾರುಕಟ್ಟೆ ಎದ್ದಾಗ ಇದೇ ಲೆಕ್ಕ ಉಲ್ಟಾ ಆಗುತ್ತದೆ.

ಇನ್ನು ಕೊಟ್ಟ ಸಲಹೆ.

ಸುದ್ದಿ ಓದುವುದನ್ನು ಬಿಡಿ ಅಂದರೆ ಯಾರೂ ಬಿಡಲ್ಲ. ಅದಕ್ಕೆ ಬೇರೆ ಓದುವ ಸಾಮಾನು ಕೊಟ್ಟೆ. ಪ್ರತಿ ತಿಂಗಳ ಶೆಡ್ಯೂಲ್, ಅಂದರೆ ಎಷ್ಟು ಮಾಲು ಬೇಕು ಅಂತ ಬರುವ ಪಟ್ಟಿ ನೋಡಿ, ಏರಿತಾ ಇಳಿಯಿತಾ. ಕಾಂಟ್ರಾಕ್ಟ್ ಹುಡುಗರಿಗೆ ಬ್ರೇಕ್ ಕೊಟ್ಟು ಮನೆಗೆ ಕಳಿಸಿದರಾ ನೋಡಿ. ಸೀಟಿನವರಿಂದ ಪೇಮೆಂಟ್ ತಡವಾಗುತ್ತಿದೆಯಾ ಅಂತ ಅಕೌಂಟ್ಸ್‌ನವರನ್ನು ಕೇಳಿ. ಪಿಎಫ್ ಪ್ರತಿ ತಿಂಗಳು ಜಮೆ ಆಗ್ತಿದೆಯಾ ಫೋನಿನಲ್ಲೇ ನೋಡಿ. ಪಿಎಫ್ ಕಟ್ಟೋದು ನಿಂತರೆ ಅದು ಟಿವಿಯ ಯಾವ ಬ್ರೇಕಿಂಗ್ ನ್ಯೂಸ್‌ಗಿಂತ ದೊಡ್ಡ ಸುದ್ದಿ.

ರಾಜೀನಾಮೆ ಬರೆದುಕೊಡಬೇಡಿ ಅಂತ ಒತ್ತಿ ಹೇಳಿದೆ. ಮ್ಯಾನೇಜರ್ ಒಬ್ಬರು "ನೀವೇ ಬರೆದುಕೊಟ್ಟರೆ ಲೆಟರ್ ಚೆನ್ನಾಗಿ ಕೊಡ್ತೀವಿ" ಅಂತ ಮೆಲ್ಲಗೆ ಅಂದಿದ್ದರಂತೆ. ಆಗಿನ ಕೈಗಾರಿಕಾ ವಿವಾದ ಕಾಯ್ದೆಯಂತೆ, 50ಕ್ಕೆ ಕಮ್ಮಿ ಇಲ್ಲದಷ್ಟು ಜನರಿರುವ ಕಾರ್ಖಾನೆಯಲ್ಲಿ ವರ್ಷ ತುಂಬಿದ ಕಾಯಂ ಕೆಲಸಗಾರನಿಗೆ ಲೇ ಆಫ್ ದಿನಗಳಲ್ಲಿ, ಅಂದರೆ ಕೆಲಸವಿಲ್ಲ ಅಂತ ಕಂಪನಿಯೇ ಕೂರಿಸಿದ ದಿನಗಳಲ್ಲಿ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ಜನ ಜಾಸ್ತಿಯಾದರು ಅಂತ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ನೀವೇ ಬಿಟ್ಟರೆ ಈ ಪರಿಹಾರ ಇಲ್ಲ. ಒಂಬತ್ತು ವರ್ಷ ದುಡಿದವರಿಗೆ ಇದು ಸಣ್ಣ ಮೊತ್ತವೇ?

ಬಂಗಾರ ಮುಟ್ಟಬೇಡಿ ಅಂದೆ. ಸಂಬಳ ಬರುವ ಧಂದೆಗೇ ಉಳಿತಾಯವನ್ನೂ ಹಾಕಿದರೆ ಎರಡೂ ಒಂದೇ ದಿನ ಬೀಳುತ್ತವೆ. ಫೋರ್ಡ್ ಮಾಡಿದ್ದೂ ಅಡ ಇಟ್ಟದ್ದೇ ಅಲ್ವಾ ಅಂತ ಅವರು ವಾದಿಸಿದರು, ಜಾಣ ಮನುಷ್ಯ. ಫೋರ್ಡ್ ಅಡ ಇಟ್ಟು ನಗದು ಇಟ್ಟುಕೊಂಡಿತು, ಬೇರೆಯವರ ಶೇರು ಕೊಳ್ಳಲಿಲ್ಲ ಅಂದೆ. ಹೆಂಡತಿ ನಕ್ಕರು. ಆ ಕೋಣೆಯಲ್ಲಿ ಮೊದಲ ನಗು ಅದು.

ಕೆಲಸ ಬಿಟ್ಟು ಅಪ್ಪನ ಎರಡು ಎಕರೆಯಲ್ಲಿ ಟೊಮೆಟೊ ಹಾಕುತ್ತೇನೆ ಅನ್ನುವ ಮಾತೂ ಬಂತು. ಕೋಲಾರದವರು ಈ ಮಾತು ಆಡಬಾರದು ಸ್ವಾಮಿ! ಆಮೇಲೆ 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿಗೆ ಎರಡು ಸಾವಿರ ದಾಟಿದ್ದನ್ನೂ ನೋಡಿದ್ದೇವೆ, ಕಿತ್ತ ಕೂಲಿ ಹುಟ್ಟದೆ ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ. ಅದರ ಮುಂದೆ ಕಾರು ಮಾರುಕಟ್ಟೆ ಎಷ್ಟೋ ಸಾಧು.

ಮನೆಯ ಲೆಕ್ಕ ಹೆಂಡತಿ ಕೈಗೆ ಹೋಯಿತು. ಓಟಿ ಇಲ್ಲದ ಸಂಬಳವನ್ನೇ ಪೂರ್ತಿ ಸಂಬಳ ಅಂತ ಇಟ್ಟುಕೊಂಡು ಬರೆದರು. ಚೀಟಿ ಒಂದನ್ನು ನಿಲ್ಲಿಸಿದರು, ಕೈಸಾಲದವರಿಗೆ ಇಬ್ಬರೂ ಹೋಗಿ ಸಮಯ ಕೇಳಿದರು. ಟೀ ಅಂಗಡಿ ಬಿಟ್ಟು ಸಂಜೆ ಮನೆಗೆ ಹೋಗೋಕೆ ಶುರು ಮಾಡಿದ ಮೇಲೆ ನಿದ್ದೆ ಅರ್ಧ ಸರಿಹೋಯಿತು. ನಾನು ಹೇಳಿಕೊಟ್ಟ ಉಸಿರಾಟದ ಅಭ್ಯಾಸ ಎಷ್ಟು ದಿನ ಮಾಡಿದರೋ, ನನಗೆ ಅನುಮಾನವೇ ಇದೆ.

ಮುಂದೆ ಬಂದದ್ದು ನಾವ್ಯಾರೂ ಊಹಿಸದ ಹಿಂಜರಿತ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದ ದೇಶದ ಅತಿ ದೊಡ್ಡ ಕಾರು ಕಂಪನಿ ಮಾರುತಿ ದೇಶದೊಳಗೆ ಒಂದು ಕಾರನ್ನೂ ಮಾರಲಿಲ್ಲ. ಆ ಏಪ್ರಿಲ್-ಜೂನ್‌ನಲ್ಲಿ ದೇಶದ ಜಿಡಿಪಿ ಸುಮಾರು ಶೇ 24 ಕುಸಿಯಿತು. ಆಗ ಫೋನ್ ಮಾಡಿದ್ದು ಹೆಂಡತಿ, ಅವರಲ್ಲ. ಮೂಲ ಸಂಬಳದಲ್ಲೂ ಕಡಿತವಾಗಿತ್ತು, ಆದರೆ ಬಂಗಾರ ಬೀರುವಿನಲ್ಲೇ ಇತ್ತು. ಅದನ್ನು ಆಗ ಸ್ವಲ್ಪ ಅಡ ಇಟ್ಟರು. ನಾನು ಬೇಡ ಅನ್ನಲಿಲ್ಲ, ಅದು ಇದ್ದದ್ದೇ ಇಂಥ ತಿಂಗಳಿಗೆ. ದಸರಾ ದೀಪಾವಳಿ ಹೊತ್ತಿಗೆ ಬಸ್ಸು ಹತ್ತೋಕೆ ಹೆದರಿದವರೆಲ್ಲ ಕಾರು ಕೊಳ್ಳೋಕೆ ಬಂದರು, ಓಟಿ ವಾಪಸ್ ಬಂತು, ರಾತ್ರಿ ಪಾಳಿಯೂ ಶುರುವಾಯಿತು.

2021ರ ಸೆಪ್ಟೆಂಬರ್‌ನಲ್ಲಿ ಅವರೇ ಫೋನ್ ಮಾಡಿದರು. "ಮೇಡಂ, ನೀವು ಹೇಳಿದ ಫೋರ್ಡ್ ಇಂಡಿಯಾದಲ್ಲಿ ಕಾರು ಮಾಡೋದು ನಿಲ್ಲಿಸ್ತಿದೆ!" ಹೌದು, ಹಿಂಜರಿತದಲ್ಲಿ ಮುಳುಗದ ಕಂಪನಿ, ಮಾರುಕಟ್ಟೆ ಚೇತರಿಸಿಕೊಳ್ಳುತ್ತಿದ್ದಾಗ ಚೆನ್ನೈ ಮತ್ತು ಗುಜರಾತಿನ ಸಾನಂದ್ ಪ್ಲಾಂಟುಗಳಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇನೆ ಅಂದಿತು. ಫೋರ್ಡ್ ಉಳಿಯಿತು, ಏಟು ಬಿದ್ದದ್ದು ಚೆನ್ನೈನ ಕೆಲಸಗಾರರಿಗೆ. ಮೂರು ಪ್ರಶ್ನೆ ಬೇರೆ ಬೇರೆ ಅಂತ ನಾನು ಮತ್ತೆ ಹೇಳಬೇಕಾಗಿ ಬರಲಿಲ್ಲ, ಅವರೇ ಹೇಳಿದರು.

ಈಚೆಗೆ ಅವರು ಕೇಳಿದ್ದು ತಮ್ಮ ತಂಗಿಯ ಮಗನ ವಿಷಯ. ಐಟಿಐ ಮುಗಿಸಿದ್ದಾನೆ, ಎರಡು ಕಡೆ ಕೆಲಸ ಇದೆಯಂತೆ. ಒಂದು ಸೈಲೆನ್ಸರ್ ಮಾಡುವ ಕಡೆ, ಸಂಬಳ ಸ್ವಲ್ಪ ಜಾಸ್ತಿ. ಇನ್ನೊಂದು ಸೀಟ್ ಫ್ರೇಮಿನ ಅಚ್ಚು ತಯಾರಿಸುವ ಟೂಲ್ ರೂಮು. ಬ್ಯಾಟರಿ ಕಾರಿಗೆ ಸೈಲೆನ್ಸರ್ ಬೇಡ, ಸೀಟು ಬೇಕೇ ಬೇಕು ಅಂದೆ. ಹುಡುಗ ಸಂಬಳ ನೋಡಿ ಸೈಲೆನ್ಸರ್ ಕಡೆಗೇ ಹೋದನಂತೆ.