ಗೇರುಹಣ್ಣಿನ ರಸದಿಂದ ಪಂಪಿಗೆ ಡೀಸೆಲ್?

ಬದಿಯಡ್ಕದವರೇ, ಗೇರುಹಣ್ಣು ಸುಮ್ನೆ ಕೊಳೀತದೆ, ಅದರ ರಸದಲ್ಲಿ ಎಣ್ಣೆ ಮಾಡುವ ಬ್ಯಾಕ್ಟೀರಿಯಾ ಬೆಳೆಸಿ ತೋಟದ ಡೀಸೆಲ್ ಪಂಪಿಗೆ ಹಾಕ್ಬಹುದಾ ಅಂತ ಕೇಳಿದ್ರಲ್ಲ, ಬ್ಯಾಕ್ಟೀರಿಯಾ ಉಂಟು ಮಾರಾಯ್ರೆ, ಸುಳ್ಳಲ್ಲ. ರೋಡೋಕಾಕಸ್ ಒಪೇಕಸ್ ಅಂತ ಒಂದು, ಸಕ್ಕರೆ ಜಾಸ್ತಿ ಸಿಕ್ಕಿ ಸಾರಜನಕ ಕಮ್ಮಿ ಆದ್ರೆ ಮೈಯೊಳಗೆ ಕೊಬ್ಬು ತುಂಬಿಸ್ತದೆ, ಲ್ಯಾಬಲ್ಲಿ ಒಣತೂಕದ ಮುಕ್ಕಾಲು ಪಾಲಿನಷ್ಟು ಕೊಬ್ಬು ಬಂದದ್ದುಂಟು.

ಆದ್ರೆ ಲೆಕ್ಕ ನೋಡಿ. ರಸದಲ್ಲಿ ಸಕ್ಕರೆ ಸುಮಾರು 10% ಅಂತ ಇಟ್ಕೊಂಡ್ರೆ 100 ಲೀಟರಿಗೆ 10 ಕಿಲೋ, ಅದ್ರಿಂದ ಎಲ್ಲಾ ಸರಿಯಾದ್ರೂ ಎಣ್ಣೆ ಹೆಚ್ಚೆಂದರೆ 3 ಕಿಲೋ, ನಿಜಕ್ಕೆ ಅಷ್ಟೂ ಬರುದಿಲ್ಲ. ಮತ್ತೆ ಡ್ರಮ್ಮಲ್ಲಿ ಇಟ್ರೆ ಗಾಳಿಯ ಯೀಸ್ಟ್ ಮೊದ್ಲೇ ನುಗ್ಗಿ ಹೆಂಡ ಮಾಡಿಬಿಡ್ತದೆ (ಕೆಲವರಿಗೆ ಅದೇ ಖುಷಿ). ರಸ ಕುದಿಸಿ ಶುದ್ಧ ಮಾಡ್ಬೇಕು, ಗಾಳಿ ಊದ್ತಾ ಇರ್ಬೇಕು, ಕೋಶ ಒಡೆದು ಎಣ್ಣೆ ತೆಗೀಬೇಕು, ಆಮೇಲೆ ಮೆಥನಾಲ್ ಮತ್ತೆ ಕಾಸ್ಟಿಕ್ ಸೋಡಾ ಹಾಕಿ ಬಯೋಡೀಸೆಲ್ ಮಾಡ್ಬೇಕು. ಮೆಥನಾಲ್ ವಿಷ, ಬೆಂಕಿಯೂ ಬೇಗ ಹಿಡೀತದೆ, ಮನೆಯಲ್ಲಿ ಬೇಡ.

ಹಟ್ಟಿಯಲ್ಲಿ ದನ ಉಂಟಾದ್ರೆ ಗೋಬರ್ ಗ್ಯಾಸ್ ನೋಡಿ, ಅದೂ ಸೂಕ್ಷ್ಮಜೀವಿಗಳದ್ದೇ ಕೆಲಸ. ಡೀಸೆಲ್ ಎಂಜಿನಿಗೆ ಗಾಳಿ ಜೊತೆ ಆ ಗ್ಯಾಸ್ ಕೊಟ್ಟು ಸ್ವಲ್ಪ ಡೀಸೆಲಲ್ಲೇ ಓಡಿಸ್ಬಹುದು. ಹಟ್ಟಿಯಲ್ಲಿ ಎಷ್ಟು ದನ ಉಂಟು, ಪಂಪ್ ಎಷ್ಟು ಎಚ್‌ಪಿ ಹೇಳಿ.