ನಾಡಿ 42ಕ್ಕೆ ಇಳಿದಿದೆ, ಪೇಸ್‌ಮೇಕರ್ ಹಾಕಿಸಲೇಬೇಕೇ?

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ನಾಡಿ ನಿಮಿಷಕ್ಕೆ 42–46 ಇರುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಕಳೆದ ವಾರ ಬಚ್ಚಲಲ್ಲಿ ಕುಸಿದರು. ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ, ಕಣ್ಣಿಗೂ ಏನೋ ಡ್ರಾಪ್ಸ್ ಇದೆ. ಪೇಸ್‌ಮೇಕರ್ ಬೇಕಾಗಬಹುದು ಎಂದರು ಡಾಕ್ಟರು. ಅಪ್ಪ ಸುತರಾಂ ಒಪ್ಪುತ್ತಿಲ್ಲ. ಮಾತ್ರೆಯಲ್ಲೇ ಸರಿಹೋಗದೇ?

ಉತ್ತರ: ‘ಏನೋ ಡ್ರಾಪ್ಸ್’ ಎಂದಿದ್ದೀರಲ್ಲ, ಮೊದಲು ಆ ಬಾಟಲಿಯ ಮೇಲಿನ ಹೆಸರು ಓದಿ. ಕಣ್ಣಿನೊಳಗಿನ ಒತ್ತಡದ ಕಾಯಿಲೆ ಗ್ಲಾಕೋಮಾಗೆ ಕೊಡುವ ಟಿಮೊಲಾಲ್ ಆಗಿದ್ದರೆ, ಅದೂ ಮೆಟೊಪ್ರೊಲಾಲ್‌ನ ಹಾಗೆ ನಾಡಿ ನಿಧಾನಗೊಳಿಸುವ ಬೀಟಾ ಬ್ಲಾಕರ್ರೇ. ಕಣ್ಣಿಗೆ ಬಿಟ್ಟ ಹನಿ ಮೂಗಿನೊಳಕ್ಕಿಳಿದು ರಕ್ತ ಸೇರುತ್ತದೆ, ಹೃದಯದ ಓಟವನ್ನು ತಗ್ಗಿಸುತ್ತದೆ. ಇದೇ ತೊಂದರೆಯಿಂದ ಬಂದ ಅಜ್ಜಿಯೊಬ್ಬರಿಗೆ ಮನೆಯಲ್ಲಿರುವ ಔಷಧಿಯನ್ನೆಲ್ಲ ತನ್ನಿ ಎಂದಿದ್ದೆ. ಮಾತ್ರೆಯ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದ ಮೇಲೆ ಚೀಲದ ಮೂಲೆಯಿಂದ ಹೆಬ್ಬೆರಳುದ್ದದ ಬಾಟಲಿಯೊಂದು ಉರುಳಿತು. ‘ಅದು ಕಣ್ಣಿಂದು, ಔಷಧಿಯಲ್ಲ’ ಎಂದರು ಅಜ್ಜಿ. ಕಣ್ಣಿನ ವೈದ್ಯರು ಅದನ್ನು ಬದಲಿಸಿಕೊಟ್ಟರು. ಎರಡು ವಾರದಲ್ಲಿ ಅವರ ನಾಡಿ 64ಕ್ಕೆ ಬಂತು.

ಹಾಗಂತ ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ಮೆಟೊಪ್ರೊಲಾಲ್ ಥಟ್ಟನೆ ಬಿಟ್ಟರೆ ಬಿಪಿ ಏರಬಹುದು, ಎದೆನೋವು ಬರಬಹುದು. ಹೃದಯಕ್ಕೆ ಕೊಡುವ ಡಿಲ್ಟಿಯಾಜೆಮ್, ಡಿಗಾಕ್ಸಿನ್, ಮರೆವಿಗೆ ಕೊಡುವ ಡೊನೆಪೆಜಿಲ್ ಕೂಡ ನಾಡಿ ಇಳಿಸುತ್ತವೆ. ಥೈರಾಯ್ಡ್ ಮತ್ತು ಪೊಟ್ಯಾಸಿಯಂ ಪರೀಕ್ಷೆಯೂ ಆಗಲಿ.

ಇವೆಲ್ಲ ಸರಿಯಿದ್ದೂ ನಾಡಿ ಏರದಿದ್ದರೆ ತೊಂದರೆ ಹೃದಯದ ವಿದ್ಯುತ್ ವ್ಯವಸ್ಥೆಯಲ್ಲೇ ಇದೆ ಎಂದರ್ಥ. ಅದು ಎಲ್ಲಿ ಎಂಬುದನ್ನು ಇಸಿಜಿ, 24 ಗಂಟೆ ಮೈಮೇಲಿದ್ದು ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಹೇಳಬಹುದು. ಬಡಿತ ಹುಟ್ಟುವ ಸೈನಸ್ ನೋಡ್ ದಣಿದಿದ್ದರೆ ರೋಗಿಗೆ ಏನಾಗುತ್ತಿದೆ ಎಂಬುದೇ ಮುಖ್ಯ. ಸುಸ್ತು, ತಲೆಸುತ್ತು ಯಾವುದೂ ಇಲ್ಲದವರಿಗೆ 45 ಇದ್ದರೂ ಎಷ್ಟೋ ಸಲ ಸುಮ್ಮನೆ ಗಮನಿಸುತ್ತಾ ಇರುತ್ತೇವೆ. ಆದರೆ ಹೃದಯದ ಮೇಲಿನ ಕೋಣೆಯ ಸಂಕೇತ ಕೆಳಕ್ಕೆ ತಲುಪದ ಕಂಪ್ಲೀಟ್ ಹಾರ್ಟ್ ಬ್ಲಾಕ್ ಇದ್ದರೆ, ಆರಾಮಾಗಿದ್ದೇನೆ ಎಂದರೂ ಪೇಸ್‌ಮೇಕರ್ ಹಾಕಿಸಲು ತಡ ಮಾಡಬಾರದು. ನಾಡಿ ಏರಿಸುವ ಅಟ್ರೋಪಿನ್ ಇಂಜೆಕ್ಷನ್ ಆಸ್ಪತ್ರೆಯಲ್ಲಿ ತುರ್ತಿಗೆ ಮಾತ್ರ. ವರ್ಷಗಟ್ಟಲೆ ನೆಚ್ಚಬಹುದಾದ ಮಾತ್ರೆ ಇಲ್ಲ.

ಅಪ್ಪನಿಗೆ ಇದನ್ನು ಹೇಳಿ: ಪೇಸ್‌ಮೇಕರ್ ಹಾಕಲು ಎದೆ ಸೀಳುವುದಿಲ್ಲ. ಕಾಲರ್‌ಬೋನಿನ ಕೆಳಗೆ ಆ ಜಾಗಕ್ಕಷ್ಟೇ ಮರಗಟ್ಟಿಸಿ, ಚರ್ಮದಡಿ ಬೆಂಕಿಪೊಟ್ಟಣಕ್ಕಿಂತ ತೆಳುವಾದ ಪೆಟ್ಟಿಗೆ ಇಡುತ್ತಾರೆ. ರಕ್ತನಾಳದೊಳಗಿಂದ ತಂತಿ ಹೃದಯಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ. ಕೆಲವು ವಾರ ಆ ಕಡೆಯ ಕೈ ಭುಜದ ಮೇಲಕ್ಕೆ ಎತ್ತಬಾರದು, ಮೊಬೈಲನ್ನು ಅದರಿಂದ ಒಂದು ಗೇಣು ದೂರವಿಟ್ಟುಕೊಂಡರೆ ಸಾಕು. 1958ರಲ್ಲಿ ಸ್ವೀಡನ್ನಿನಲ್ಲಿ ದೇಹದೊಳಗೆ ಪೇಸ್‌ಮೇಕರ್ ಇರಿಸಿಕೊಂಡ ಮೊದಲಿಗ ಆರ್ನೆ ಲಾರ್ಸನ್, ಆ ಕಾಲದ ಸಾಧನಗಳು ಮೇಲಿಂದ ಮೇಲೆ ಕೆಟ್ಟು 20ಕ್ಕೂ ಹೆಚ್ಚು ಸಲ ಬದಲಿಸಿಕೊಂಡು, 86ನೇ ವಯಸ್ಸಿನವರೆಗೆ ಬದುಕಿದ್ದರು. ಈಗಿನ ಬ್ಯಾಟರಿ ಸುಮಾರು ಹತ್ತು ವರ್ಷ ಬರುತ್ತದೆ.

ಒಮ್ಮೆ ಕುಸಿದಿರುವುದರಿಂದ ತಡ ಮಾಡಬೇಡಿ, ಈ ವಾರವೇ ಔಷಧಿಯ ಚೀಲದ ಸಮೇತ ಹೃದ್ರೋಗ ತಜ್ಞರಲ್ಲಿಗೆ ಹೋಗಿ. ಅಲ್ಲಿಯವರೆಗೆ ಅಪ್ಪ ಗಾಡಿ ಓಡಿಸುವುದು ಬೇಡ, ಬಚ್ಚಲಿಗೆ ಒಳಗಿನಿಂದ ಚಿಲಕವೂ ಬೇಡ. ಪ್ರಜ್ಞೆ ತಪ್ಪಿದರೆ, ಎದೆ ನೋವು ಅಥವಾ ಏದುಸಿರು ಬಂದರೆ ಅಪಾಯಿಂಟ್‌ಮೆಂಟ್ ಕಾಯದೆ ಆಂಬುಲೆನ್ಸ್ ಕರೆಸಿ.